ಜೈವಿಕ ಡೀಸೆಲು: ಗುಣದೋಷ ವಿಚಾರ

ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳ ಮನೆಗಳಲ್ಲಿ ಇರುಳಿನ ಬೆಳಕಿಗೆ ಹೊಂಗೆಯ ಎಣ್ಣೆಯೋ ಹರಳೆಣ್ಣೆಯೋ ಗತಿಯಾಗಿದ್ದಿತು. ಹಿತ್ತಲ ಬೇಲಿಯಲ್ಲಿ, ಹೊಲದ ಬದುವಿನಲ್ಲಿ, ಹಳ್ಳದ ದಡದಲ್ಲಿ ಬೆಳೆದ ಹೊಂಗೆಯ ಮರದಿಂದ ಕಾಯಿಗಳನ್ನು ಆಯ್ದು, ಒಣಗಿಸಿ, ಬೀಜವನ್ನು ಬಿಡಿಸಿ, ಗಾಣಕ್ಕೆ ಕೊಟ್ಟು ಎಣ್ಣೆಯನ್ನು ತರುತ್ತಿದ್ದರು; ಹಿಂಡಿಯು ಗದ್ದೆಗೆ ಗೊಬ್ಬರವಾಗುತ್ತಿದ್ದಿತು. ಅನಂತರ ಕಡಲಾಚೆಯಿಂದ ಡಬ್ಬಗಳಲ್ಲಿ ಸೀಮೆಯೆಣ್ಣೆಯು ಬಂದಿತು. ಅದು ಅಗ್ಗವಾಗಿದ್ದಿತು, ಅದರ ದೀಪವು ಹೆಚ್ಚು ಪ್ರಕಾಶಮಾನವಾಗಿದ್ದಿತು. ಹೊಂಗೆಯ ಎಣ್ಣೆಯು ಗೂಡಿನ ಹಣತೆಯಿಂದ ಹಿಂಜರಿದು ಮೂಲೆಗೆ ಸೇರಿತು. ಹೀಗೆ ನೆಲದಡಿಯ ಎಣ್ಣೆಯು ಮರದ ಎಣ್ಣೆಯನ್ನು ಮನೆಯಿಂದ ಹೊರಡಿಸಿದ ಕಥೆಯನ್ನು ನಮ್ಮಲ್ಲಿ ಹಲವರು ಹಿರಿಯರ ಬಾಯಿಂದ ಕೇಳಿದ್ದೇವೆ. ಈಗ ಕಾಲಚಕ್ರವು ಒಂದು ಸುತ್ತು ತಿರುಗಿ, ಹೊರಗೆ ಹೋದ ಅತಿಥಿಯನ್ನು ಮರಳಿ ಕರೆಯುವ ಪ್ರಸಂಗವು ಬಂದಿದೆ. ಕರೆಯುವುದು ದೀಪದ ಗೂಡಿಗಲ್ಲ; ಬಸ್ಸು ಲಾರಿಗಳ ಟ್ಯಾಂಕಿಗೆ. ಈ ಕೆಲಸಕ್ಕೆ ಅದು ಎಷ್ಟರಮಟ್ಟಿಗೆ ಅರ್ಹವಾದದ್ದು ಎಂಬುದೇ ನಾವು ಇಂದು ವಿಚಾರಮಾಡಬೇಕೆಂದಿರುವ ವಿಷಯ.

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 9 ಕೋಟಿ ಟನ್ನುಗಳಷ್ಟು ಡೀಸೆಲು ಖರ್ಚಾಗುತ್ತದೆ. ಅಕ್ಕಿಯ ಮೂಟೆ, ತರಕಾರಿಯ ಬುಟ್ಟಿ, ಶಾಲೆಗೆ ಹೋಗುವ ಮಕ್ಕಳು, ಹೊಲ ಉಳುವ ಟ್ರ್ಯಾಕ್ಟರು, ಎಲ್ಲವೂ ಅದನ್ನು ಆಶ್ರಯಿಸಿವೆ. ಆ ಡೀಸೆಲಿಗೆ ಮೂಲವಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85 ಪಾಲಿಗೂ ಹೆಚ್ಚನ್ನು ನಾವು ಹೊರದೇಶಗಳಿಂದ ಕೊಂಡು ತರುತ್ತೇವೆ. ದೂರದ ಕಡಲಲ್ಲಿ ಯುದ್ಧವಾದರೆ ನಮ್ಮ ಸಂತೆಯಲ್ಲಿ ಈರುಳ್ಳಿಯ ಬೆಲೆಯು ಏರುವುದು. ಇದರ ಮೇಲೆ ಹೊಗೆಯ ಕಾಟವೊಂದು, ಭೂಮಿಯ ತಾಪವು ಏರುತ್ತಿರುವ ಭಯವೊಂದು. ಹೀಗಿರುವಲ್ಲಿ, ಡೀಸೆಲನ್ನು ಹೊಲದಲ್ಲಿಯೇ ಬೆಳೆಯಬಹುದು ಎಂದು ಯಾರಾದರೂ ಹೇಳಿದರೆ ಕಿವಿಗೊಡದಿರುವವರು ಯಾರು? ಆದರೆ ಇಂಪಾದ ಮಾತನ್ನು ಕೇಳಿದಾಗಲೇ ತಕ್ಕಡಿಯನ್ನು ಕೈಗೆ ತೆಗೆದುಕೊಳ್ಳಬೇಕಾದುದು ವಿವೇಕ. ನಾವು ಯಾವ ಪಕ್ಷದ ವಕೀಲರೂ ಅಲ್ಲ; ಉಭಯಪಕ್ಷದ ವಾದಗಳನ್ನೂ ತೂಗಿನೋಡೋಣ.

ಮೊದಲು ಸ್ವಲ್ಪ ಚರಿತ್ರೆ. ಡೀಸೆಲ್ ಎಂಬುದು ಮೂಲತಃ ಎಣ್ಣೆಯ ಹೆಸರಲ್ಲ, ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರು ಜರ್ಮನಿಯ ಔಗ್ಸ್‌ಬರ್ಗ್ ಪಟ್ಟಣದಲ್ಲಿ ವರ್ಷಗಟ್ಟಲೆ ದುಡಿದು, 1897ರಲ್ಲಿ ತನ್ನ ಎಂಜಿನನ್ನು ಪೂರ್ಣಸ್ಥಿತಿಗೆ ತಂದನು. ಅದರಲ್ಲಿ ಕಿಡಿಯ ಅವಶ್ಯಕತೆಯಿಲ್ಲ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ; ಹಾಗೆ ಕಾದ ಗಾಳಿಗೆ ಎಣ್ಣೆಯನ್ನು ಸೂಕ್ಷ್ಮವಾದ ತುಂತುರಾಗಿ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. 1900ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಇಂಥ ಒಂದು ಚಿಕ್ಕ ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಿದರು. ಫ್ರೆಂಚ್ ಸರ್ಕಾರಕ್ಕೆ ತನ್ನ ಆಫ್ರಿಕಾ ವಸಾಹತುಗಳಲ್ಲಿ ಯಥೇಚ್ಛವಾಗಿ ಬೆಳೆಯುವ ಕಡಲೆಕಾಯಿಂದ ಅಲ್ಲಿಯೇ ಶಕ್ತಿಯನ್ನು ಪಡೆಯಬಹುದೇ ಎಂಬ ಆಸೆಯಿದ್ದಿತು. ಡೀಸೆಲನು 1912ರಲ್ಲಿ ಇದನ್ನು ಸ್ಮರಿಸಿ, ಸಸ್ಯತೈಲಗಳಿಗೆ ಆಗ ಪ್ರಾಮುಖ್ಯವಿಲ್ಲದಿದ್ದರೂ ಮುಂದೊಂದು ದಿನ ಬಂದೀತು ಎಂಬ ಅಭಿಪ್ರಾಯವನ್ನು ಸೂಚಿಸಿದನು. ಮರುವರ್ಷವೇ, ಇಂಗ್ಲೆಂಡಿಗೆ ಹೋಗುತ್ತಿದ್ದ ಹಡಗಿನಿಂದ ಅವನು ಕಾಣದೆಹೋದನು. ಅವನ ಶವವು ಕೆಲವು ದಿನಗಳಾದಮೇಲೆ ಕಡಲಿನಲ್ಲಿ ದೊರೆಯಿತು. ಅವನ ಎಂಜಿನು ಲೋಕವನ್ನೆಲ್ಲ ವ್ಯಾಪಿಸಿತು. ಆದರೆ ಅದಕ್ಕೆ ಆಹಾರವಾದದ್ದು ಕಡಲೆಕಾಯಿ ಎಣ್ಣೆಯಲ್ಲ, ಅಗ್ಗವಾಗಿ ದೊರೆಯುತ್ತಿದ್ದ ಕಲ್ಲೆಣ್ಣೆ.

ಕಡಲೆಕಾಯಿ ಎಣ್ಣೆಯಿಂದ ಎಂಜಿನು ನಡೆಯುವುದಾದರೆ ಹಾಗೆಯೇ ಹೊಯ್ದು ಓಡಿಸಬಾರದೇಕೆ ಎಂದು ಕೇಳಬಹುದು. ಕೆಲವು ಗಂಟೆಗಳ ಕಾಲ ಓಡಿಸಬಹುದು. ಕೆಲವು ತಿಂಗಳ ಕಾಲ ಓಡಿಸಲಾಗದು. ಬೀಜದ ಎಣ್ಣೆಯು ಡೀಸೆಲಿಗಿಂತ ಸುಮಾರು ಹತ್ತುಪಾಲು ಮಂದವಾದದ್ದು. ಮಂದವಾದ ಎಣ್ಣೆಯು ನಯವಾದ ತುಂತುರಾಗಿ ಒಡೆಯುವುದಿಲ್ಲ. ದೊಡ್ಡ ಹನಿಗಳಾಗಿ ಬಿದ್ದು ಅರೆಬರೆಯಾಗಿ ಉರಿಯುತ್ತದೆ. ಉರಿಯದೆ ಉಳಿದದ್ದು ಚಿಮ್ಮುಗೊಳವೆಯ ಬಾಯಲ್ಲಿ ಕರಿಯಾಗಿ ಕಟ್ಟುವುದು, ಉಂಗುರಗಳನ್ನು ಅಂಟಿಸುವುದು, ಕೆಳಗಿನ ಕೀಲೆಣ್ಣೆಯೊಡನೆ ಬೆರೆತು ಅದನ್ನು ಗೊಜ್ಜಿನಂತೆ ಮಾಡುವುದು. ನಿಂತಲ್ಲಿಯೇ ನಿಧಾನವಾಗಿ ತಿರುಗುವ ಹಳೆಯ ಪಂಪಿನ ಎಂಜಿನು ಇದನ್ನು ಒಂದಿಷ್ಟು ಸಹಿಸೀತು. ಹೆದ್ದಾರಿಯಲ್ಲಿ ಓಡುವ ಲಾರಿಯು ಸಹಿಸದು.

ಈ ತೊಡಕಿಗೆ ಪರಿಹಾರವನ್ನು ಬೆಲ್ಜಿಯಂ ದೇಶದ ಶವಾನ್ ಎಂಬ ರಸಾಯನಶಾಸ್ತ್ರಜ್ಞರು 1937ರಲ್ಲಿ ಪೇಟೆಂಟು ಮಾಡಿಸಿದರು. ತಾಳೆಯೆಣ್ಣೆಯನ್ನು ಮದ್ಯಸಾರದೊಡನೆ ಸಂಯೋಗಗೊಳಿಸಿ, ತೆಳುವಾದ ಹೊಸದೊಂದು ದ್ರವವನ್ನು ಅವರು ಪಡೆದರು. ಮರುವರ್ಷ ಬ್ರಸೆಲ್ಸ್ ನಗರಕ್ಕೂ ಲೂವೇನ್ ಪಟ್ಟಣಕ್ಕೂ ನಡುವೆ ಪ್ರಯಾಣಿಕರ ಬಸ್ಸೊಂದು ಆ ಇಂಧನದಿಂದ ಓಡಿತು. ಇಂದು ಬಯೋಡೀಸೆಲ್ ಅಥವಾ ಜೈವಿಕ ಡೀಸೆಲು ಎಂದು ನಾವು ಕರೆಯುವ ವಸ್ತುವಿನ ಮೊದಲ ಪ್ರಯಾಣವು ಅದೇ ಎನ್ನಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಲೆಣ್ಣೆಯು ದುರ್ಲಭವಾದಾಗ ಹಲವು ದೇಶಗಳು ಸಸ್ಯತೈಲಗಳ ಕಡೆಗೆ ನೋಡಿದುವು. ನಮ್ಮ ದೇಶದ ವಿಜ್ಞಾನಿಗಳೂ 1942ರಷ್ಟು ಹಿಂದೆಯೇ ಭಾರತದ ಎಣ್ಣೆಗಳನ್ನು ಡೀಸೆಲ್ ಎಂಜಿನುಗಳಲ್ಲಿ ಪರೀಕ್ಷಿಸಿ ಬರೆದಿದ್ದಾರೆ. ನಮ್ಮ ಬಸ್ಸುಗಳು ಇದ್ದಿಲಿನ ಅನಿಲದ ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಏದುಸಿರುಬಿಡುತ್ತ ಏರು ಹತ್ತುತ್ತಿದ್ದ ಕಾಲವದು. ಯುದ್ಧವು ಮುಗಿಯಿತು, ಕಲ್ಲೆಣ್ಣೆಯು ಅಗ್ಗವಾಯಿತು, ಲೋಕವು ಎಲ್ಲವನ್ನೂ ಮರೆಯಿತು. 1973ರಲ್ಲಿ ಎಣ್ಣೆಯ ಬೆಲೆಯು ಒಮ್ಮೆಗೇ ಏರಿದ ಬಳಿಕವೇ ಮರೆತದ್ದು ನೆನಪಿಗೆ ಬಂದಿತು.

ಈ ಸಂಯೋಗದ ರೀತಿಯನ್ನು ಸರಳವಾಗಿ ಹೇಳುವುದಾದರೆ ಹೀಗೆ. ಎಣ್ಣೆಯ ಒಂದೊಂದು ಅಣುವಿನಲ್ಲಿಯೂ ಗ್ಲಿಸರಿನ್ನಿನ ಒಂದು ಕಾಂಡಕ್ಕೆ ಕೊಬ್ಬಿನ ಆಮ್ಲಗಳ ಮೂರು ಉದ್ದನೆಯ ಸರಪಳಿಗಳು ಅಂಟಿಕೊಂಡಿರುತ್ತವೆ. ಮಂದತೆಗೆ ಈ ತ್ರಿಶೂಲಾಕಾರವೇ ಕಾರಣ. ಮೆಥನಾಲ್ ಎಂಬ ಮದ್ಯಸಾರವನ್ನೂ ಸ್ವಲ್ಪ ಕಾಸ್ಟಿಕ್ ಸೋಡವನ್ನೂ ಕೂಡಿಸಿ ಸುಮಾರು 60 ಡಿಗ್ರಿಯ ಶಾಖದಲ್ಲಿ ಕದಡಿದರೆ, ಮೂರು ಸರಪಳಿಗಳೂ ಕಾಂಡವನ್ನು ಬಿಟ್ಟು, ಪ್ರತಿಯೊಂದೂ ಒಂದೊಂದು ಮೆಥನಾಲ್ ಅಣುವಿನ ಕೈಹಿಡಿಯುತ್ತದೆ. ಭಾರವಾದ ಗ್ಲಿಸರಿನ್ನು ತಳಕ್ಕೆ ಇಳಿಯುತ್ತದೆ. ಮೇಲೆ ತೇಲುವ ತೆಳುವಾದ ಹೊಂಬಣ್ಣದ ದ್ರವವೇ ಜೈವಿಕ ಡೀಸೆಲು. ನೂರು ಕಿಲೋ ಎಣ್ಣೆಗೆ ಹತ್ತು ಹನ್ನೊಂದು ಕಿಲೋ ಮೆಥನಾಲು ಸೇರಿದರೆ, ನೂರು ಕಿಲೋ ಇಂಧನವೂ ಹತ್ತು ಕಿಲೋ ಗ್ಲಿಸರಿನ್ನೂ ಸರಿಸುಮಾರಾಗಿ ದೊರೆಯುವುವು.

ಕೇಳುವುದಕ್ಕೆ ಇದು ಸುಲಭ, ಮಾಡುವಾಗ ಎಚ್ಚರವಿರಬೇಕು. ನಾವು ಒಮ್ಮೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಹೊರಟೆವು. ಬಹಳ ದಿನ ಕೂಡಿಟ್ಟಿದ್ದ ಹೊಂಗೆಯ ಎಣ್ಣೆಯನ್ನು ತಂದು, ಪುಸ್ತಕದಲ್ಲಿ ಹೇಳಿದಂತೆ ಸೋಡವನ್ನೂ ಮದ್ಯಸಾರವನ್ನೂ ಬೆರೆಸಿ ಕದಡಿದೆವು. ಹೊತ್ತು ಕಳೆದ ಮೇಲೆ ನೋಡಿದರೆ ಪಾತ್ರೆಯಲ್ಲಿದ್ದುದು ಇಂಧನವಲ್ಲ, ನೊರೆನೊರೆಯಾದ ಸಾಬೂನು! "ಇದರಿಂದ ಬಸ್ಸನ್ನು ಓಡಿಸಲಾಗದಿದ್ದರೂ ತೊಳೆಯಬಹುದು, ಸಾರ್" ಎಂದು ಒಬ್ಬ ಹುಡುಗನು ಹೇಳಿದಾಗ ಎಲ್ಲರೊಡನೆ ನಾವೂ ನಕ್ಕೆವು. ತಪ್ಪು ನಮ್ಮದೇ. ಹಳತಾದ ಎಣ್ಣೆಯಲ್ಲಿ ಬಿಡಿ ಆಮ್ಲವು ಹೆಚ್ಚಿರುತ್ತದೆ. ಅದನ್ನು ಮೊದಲು ಗಂಧಕಾಮ್ಲದಿಂದ ಸಂಸ್ಕರಿಸದಿದ್ದರೆ ಸೋಡವು ಅದರೊಡನೆ ಕೂಡಿ ಸಾಬೂನಾಗುತ್ತದೆ. ಹಾಗೆಯೇ, ನೀರಿನ ಅಂಶವೋ ಗ್ಲಿಸರಿನ್ನೋ ಮೆಥನಾಲೋ ಇಂಧನದಲ್ಲಿ ಉಳಿದರೆ ಎಂಜಿನಿಗೆ ಕೇಡು. ಮೆಥನಾಲು ವಿಷ, ಅದರ ಆವಿಯು ಬೆಂಕಿಗೆ ಬೇಗ ಸಿಕ್ಕುವುದು. ಆದುದರಿಂದ ಜೈವಿಕ ಡೀಸೆಲನ್ನು ಮನೆಯ ಹಿತ್ತಲಿನಲ್ಲಿ ಯಾರು ಬೇಕಾದರೂ ಮಾಡಿಕೊಳ್ಳಬಹುದೆಂಬ ಮಾತನ್ನು ನಂಬಬಾರದು.

ಇನ್ನು ಗುಣಗಳನ್ನು ಎಣಿಸೋಣ. ಮೊದಲನೆಯದು, ಇದಕ್ಕಾಗಿ ಹೊಸ ಎಂಜಿನನ್ನು ಕೊಳ್ಳಬೇಕಾಗಿಲ್ಲ. ಸ್ವಲ್ಪ ಪ್ರಮಾಣದಲ್ಲಿ ಡೀಸೆಲಿಗೆ ಬೆರೆಸಿದರೆ ಇರುವ ಗಾಡಿಯೇ ಓಡುತ್ತದೆ. 2002ರ ಡಿಸೆಂಬರ್ 31ರಂದು ದೆಹಲಿಯಿಂದ ಅಮೃತಸರಕ್ಕೆ ಹೋಗುವ ಶತಾಬ್ದಿ ರೈಲನ್ನು ನೂರಕ್ಕೆ 5 ಪಾಲು ಜೈವಿಕ ಡೀಸೆಲು ಬೆರೆಸಿ ಓಡಿಸಿದರು. ಎರಡನೆಯದು, ಇದರಲ್ಲಿ ಗಂಧಕವು ಇಲ್ಲವೆನ್ನುವಷ್ಟು ಕಡಮೆ. ಆದರೆ ಜಾರುಗುಣವು ಹೆಚ್ಚು. ಈಗಿನ ಡೀಸೆಲಿನಿಂದ ಗಂಧಕವನ್ನು ತೆಗೆಯುವಾಗ ಅದರ ಜಾರುಗುಣವೂ ಕುಂದುವುದರಿಂದ ಪಂಪಿನ ಭಾಗಗಳು ಬೇಗ ಸವೆಯುವುವು. ನೂರಕ್ಕೆ ಒಂದೆರಡು ಪಾಲು ಜೈವಿಕ ಡೀಸೆಲನ್ನು ಸೇರಿಸಿದರೂ ಈ ಕೊರತೆಯು ನೀಗುವುದು. ಮೂರನೆಯದು, ಇದು ಸುರಕ್ಷಿತವಾದದ್ದು. ನೂರು ಡಿಗ್ರಿಗೆ ಮೀರಿ ಕಾಯಿಸಿದಲ್ಲದೆ ಇದರ ಆವಿಯು ಬೆಂಕಿಗೆ ಹೊತ್ತಿಕೊಳ್ಳದು. ಕೆರೆಗೋ ನೆಲಕ್ಕೋ ಚೆಲ್ಲಿದರೆ ಸೂಕ್ಷ್ಮಜೀವಿಗಳು ಇದರ ಬಹುಭಾಗವನ್ನು ಕೆಲವೇ ವಾರಗಳಲ್ಲಿ ತಿಂದು ಜೀರ್ಣಿಸುವುವು.

ನಾಲ್ಕನೆಯದು, ಹೊಗೆಯ ವಿಷಯ. ಈ ಇಂಧನದ ತೂಕದಲ್ಲಿ ನೂರಕ್ಕೆ ಸುಮಾರು 11 ಪಾಲು ಆಮ್ಲಜನಕವೇ ಇರುವುದರಿಂದ ಉರಿಯು ಹೆಚ್ಚು ಪೂರ್ಣವಾಗುತ್ತದೆ. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆಯು ಅದುವರೆಗಿನ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಶುದ್ಧ ಜೈವಿಕ ಡೀಸೆಲನ್ನು ಉರಿಸಿದಾಗ ಮಸಿಯ ಕಣಗಳೂ ಇಂಗಾಲದ ಮಾನಾಕ್ಸೈಡೂ ಹೆಚ್ಚುಕಡಮೆ ಅರ್ಧಕ್ಕೆ ಇಳಿದುವು. ಉರಿಯದೆ ಹೊರಬೀಳುವ ಎಣ್ಣೆಯ ಅಂಶವು ಮೂರರಲ್ಲಿ ಎರಡು ಪಾಲು ಕಡಮೆಯಾಯಿತು. ಐದರಲ್ಲಿ ಒಂದು ಪಾಲು ಮಾತ್ರ ಬೆರೆಸಿದರೆ ಮಸಿಯು ನೂರಕ್ಕೆ 10ರಷ್ಟು ತಗ್ಗಿತು. ಬಸ್ಸಿನ ನಿಲ್ದಾಣದಲ್ಲಿ ದಿನವೂ ನಿಂತು ಉಸಿರಾಡಬೇಕಾದವರಿಗೆ ಇದು ಅಲ್ಪವಾದ ಲಾಭವಲ್ಲ.

ಎಂಜಿನಿನ ಕಡೆಯಿಂದ ನೋಡಿದರೆ ದೋಷಗಳೂ ಉಂಟು. ಮಸಿಯನ್ನು ತಗ್ಗಿಸುವ ಈ ಇಂಧನವೇ ಸಾರಜನಕದ ಆಕ್ಸೈಡುಗಳನ್ನು ಒಂದಿಷ್ಟು ಹೆಚ್ಚಿಸುತ್ತದೆ. ಹಿಂದೆ ಹೇಳಿದ ಪರೀಕ್ಷೆಗಳಲ್ಲಿಯೇ ಆ ಹೆಚ್ಚಳವು ಶುದ್ಧ ಇಂಧನಕ್ಕೆ ನೂರಕ್ಕೆ 10ರಷ್ಟಿದ್ದಿತು. ಒಂದು ಲೀಟರಿನಲ್ಲಿ ಅಡಗಿರುವ ಶಕ್ತಿಯು ಡೀಸೆಲಿಗಿಂತ ನೂರಕ್ಕೆ ಸುಮಾರು 8 ಪಾಲು ಕಡಮೆ. ಆದ್ದರಿಂದ ಅಷ್ಟೇ ದೂರಕ್ಕೆ ಹೆಚ್ಚು ಇಂಧನವು ಬೇಕು. ಚಳಿ ಬಿದ್ದರೆ ಇದು ತುಪ್ಪದಂತೆ ಹೆರೆಗಟ್ಟುತ್ತದೆ. ತಾಳೆಯೆಣ್ಣೆಯಿಂದ ಮಾಡಿದ್ದಾದರೆ ಸುಮಾರು 15 ಡಿಗ್ರಿಯಲ್ಲಿಯೇ ಮೋಡಗಟ್ಟತೊಡಗುವುದು. ಮಡಿಕೇರಿಯ ಮಾಗಿಯ ಬೆಳಗಿನಲ್ಲಿ ಅಂಥ ಗಾಡಿಯನ್ನು ಹೊರಡಿಸುವುದು ಕಷ್ಟ. ಇದು ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತದೆ, ಬಹಳ ದಿನವಿಟ್ಟರೆ ಕಮಟುತ್ತದೆ. ಹಳೆಯ ಟ್ಯಾಂಕಿನಲ್ಲಿ ಕಟ್ಟಿದ್ದ ಕಸವನ್ನೆಲ್ಲ ಕರಗಿಸಿ ತಂದು ಸೋಸುವ ಫಿಲ್ಟರನ್ನು ಮುಚ್ಚುವುದುಂಟು. ಹಳೆಯ ಕಾಲದ ರಬ್ಬರು ಕೊಳವೆಗಳನ್ನು ಉಬ್ಬಿಸಿ ಮೆದುಮಾಡುವುದುಂಟು. 2020ರ ಏಪ್ರಿಲಿನಿಂದ ನಮ್ಮಲ್ಲಿ ಜಾರಿಗೆ ಬಂದಿರುವ ಕಟ್ಟುನಿಟ್ಟಾದ ನಿಯಮಗಳಿಗೆ ತಕ್ಕಂತೆ ರಚಿಸಿದ ಎಂಜಿನುಗಳಲ್ಲಿ ಹೊಗೆಯನ್ನು ಶುದ್ಧಿಮಾಡುವ ನಾಜೂಕಾದ ಯಂತ್ರಗಳಿವೆ. ಇಂಧನದಲ್ಲಿ ಉಳಿದ ಸೋಡಿಯಂ ಮೊದಲಾದ ಲೋಹಗಳು ಅವನ್ನು ಕೆಡಿಸಬಲ್ಲುವು. ಯೂರೋಪಿನಲ್ಲಿ ಸಾಧಾರಣ ಡೀಸೆಲಿಗೆ ನೂರಕ್ಕೆ 7 ಪಾಲಿಗಿಂತ ಹೆಚ್ಚಾಗಿ ಇದನ್ನು ಬೆರೆಸಬಾರದೆಂದು ಮಿತಿಯನ್ನು ಇಟ್ಟಿರುವುದು ಇಂಥ ಕಾರಣಗಳಿಂದಲೇ. ಆದರೂ ಇವೆಲ್ಲ ಎಂಜಿನಿಯರರು ತಿದ್ದಬಹುದಾದ ದೋಷಗಳು. ನಿಜವಾದ ತೊಡಕು ಎಂಜಿನಿನಲ್ಲಿಲ್ಲ, ಅದು ಹೊಲದಲ್ಲಿದೆ.

ಜೈವಿಕ ಡೀಸೆಲಿನ ಪರವಾಗಿ ಹೇಳುವ ಅತಿ ದೊಡ್ಡ ವಾದವು ಇಂಗಾಲಾಮ್ಲವಾಯುವಿಗೆ, ಎಂದರೆ ಇಂಗಾಲದ ಡೈಆಕ್ಸೈಡಿಗೆ, ಸಂಬಂಧಿಸಿದ್ದು. ಗಿಡವು ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವನ್ನೇ ಎಂಜಿನು ಮರಳಿ ಗಾಳಿಗೆ ಬಿಡುತ್ತದೆ. ಕೊಟ್ಟದ್ದಕ್ಕೂ ತೆಗೆದುಕೊಂಡದ್ದಕ್ಕೂ ಸರಿಹೋಯಿತು ಎನ್ನುತ್ತಾರೆ. ಲೆಕ್ಕವು ಇಷ್ಟು ಚೊಕ್ಕಟವಾಗಿದ್ದರೆ ಎಷ್ಟು ಚೆನ್ನಾಗಿತ್ತು! ಉಳುವುದಕ್ಕೆ ಡೀಸೆಲು ಬೇಕು, ಗೊಬ್ಬರದ ಕಾರ್ಖಾನೆಗೆ ಇಂಧನ ಬೇಕು, ಮೆಥನಾಲನ್ನು ಬಹುಮಟ್ಟಿಗೆ ನೆಲದಡಿಯ ಅನಿಲದಿಂದಲೇ ಮಾಡುತ್ತಾರೆ. ಹೀಗಿದ್ದರೂ, ಅಮೆರಿಕದಲ್ಲಿ ಸೋಯಾ ಅವರೆಯ ಎಣ್ಣೆಯನ್ನು ಕುರಿತು 1998ರಲ್ಲಿ ಮಾಡಿದ ಲೆಕ್ಕವು ಉತ್ತೇಜನಕಾರಿಯಾಗಿದ್ದಿತು. ಒಂದು ಪಾಲು ಕಲ್ಲೆಣ್ಣೆ ಕಲ್ಲಿದ್ದಲುಗಳ ಶಕ್ತಿಯನ್ನು ವ್ಯಯಮಾಡಿದರೆ ಮೂರು ಪಾಲಿಗೂ ಸ್ವಲ್ಪ ಹೆಚ್ಚಾದ ಶಕ್ತಿಯು ಇಂಧನರೂಪವಾಗಿ ದೊರೆಯುವುದೆಂದು ಅದು ತೋರಿಸಿತು. ಹತ್ತು ವರ್ಷಗಳ ಮೇಲೆ, 2008ರಲ್ಲಿ, ಬೇರೊಂದು ಪ್ರಶ್ನೆಯು ಎದ್ದಿತು: ಈ ಬೆಳೆಗಾಗಿ ನೆಲವು ಎಲ್ಲಿಂದ ಬಂದಿತು?

ಕಾಡನ್ನು ಕಡಿದು ಸುಟ್ಟು ಬೆಳೆಯಿಟ್ಟರೆ, ಮರಗಳಲ್ಲಿಯೂ ಮಣ್ಣಿನಲ್ಲಿಯೂ ಶತಮಾನಗಳಿಂದ ಸಂಚಯವಾಗಿದ್ದ ಇಂಗಾಲವು ಒಮ್ಮೆಗೇ ಗಾಳಿಗೆ ಸೇರುವುದು. ಇದನ್ನು ವಿಜ್ಞಾನಿಗಳು ಸಾಲವೆಂದು ಕರೆದರು. ಪ್ರತಿವರ್ಷವೂ ಡೀಸೆಲನ್ನು ಉಳಿಸಿ ಈ ಸಾಲವನ್ನು ತೀರಿಸಬೇಕು. ತಗ್ಗುನೆಲದ ಮಳೆಕಾಡನ್ನು ಕಡಿದು ತಾಳೆಯ ತೋಟವನ್ನು ಮಾಡಿದರೆ ಸಾಲವು ತೀರಲು ಸುಮಾರು 86 ವರ್ಷ. ಜವುಗುನೆಲದ ಕಾಡನ್ನು ಬಸಿದು ಮಾಡಿದರೆ 400 ವರ್ಷಗಳಿಗೂ ಮೇಲು ಎಂದು ಅವರ ಗಣನೆ. ಮುತ್ತಜ್ಜನು ಮಾಡಿದ ಸಾಲವನ್ನು ಮರಿಮಗನೂ ತೀರಿಸಲಾರನು. ಹೊಲಕ್ಕೆ ಹಾಕಿದ ಸಾರಜನಕದ ಗೊಬ್ಬರದಿಂದ ಏಳುವ ನೈಟ್ರಸ್ ಆಕ್ಸೈಡು ಎಂಬ ವಾಯುವು ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲಾಮ್ಲವಾಯುವಿಗಿಂತ ಇನ್ನೂರು ಪಾಲಿಗೂ ಮಿಕ್ಕು ಬಲಶಾಲಿಯೆಂಬುದನ್ನು ನೆನೆದರೆ ಲೆಕ್ಕವು ಮತ್ತಷ್ಟು ಬಿಗಿಯಾಗುವುದು. ಇದರಿಂದ ನಾವು ಕಲಿಯಬೇಕಾದ ಪಾಠವೊಂದೇ: ಜೈವಿಕ ಡೀಸೆಲು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಎಣ್ಣೆ, ಯಾವ ನೆಲ ಎಂದು ಮೊದಲು ಕೇಳಬೇಕು.

ನೆಲದ ಪ್ರಶ್ನೆಯ ಹಿಂದೆಯೇ ಅನ್ನದ ಪ್ರಶ್ನೆಯೂ ಬರುವುದು. ಇಂಡೊನೇಷಿಯ ದೇಶವು ತನ್ನ ಡೀಸೆಲಿಗೆ ತಾಳೆಯೆಣ್ಣೆಯ ಜೈವಿಕ ಡೀಸೆಲನ್ನು 2020ರಲ್ಲಿ ನೂರಕ್ಕೆ 30 ಪಾಲು, 2025ರಲ್ಲಿ 40 ಪಾಲು ಬೆರೆಸಬೇಕೆಂದು ವಿಧಿಸಿತು. ಅದು ಅವರ ಸ್ವಾವಲಂಬನೆಗೆ ಒಳ್ಳೆಯದಿರಬಹುದು. ಆದರೆ ನಮ್ಮ ಬೀದಿಯ ಬೋಂಡದ ಬಾಣಲೆಯಲ್ಲಿ ಕುದಿಯುವುದೂ ಅದೇ ಎಣ್ಣೆ. 2022ರ ಏಪ್ರಿಲಿನಲ್ಲಿ, ಯುಕ್ರೇನಿನ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯು ದುರ್ಲಭವಾಗಿದ್ದ ಸಮಯದಲ್ಲಿ, ಆ ದೇಶವು ತಾಳೆಯೆಣ್ಣೆಯ ರಫ್ತನ್ನು ಕೆಲವು ವಾರಗಳ ಕಾಲ ನಿಲ್ಲಿಸಿದಾಗ ನಮ್ಮ ಗೃಹಿಣಿಯರಿಗೆ ಅದರ ಬಿಸಿಯು ತಟ್ಟಿತು. ಭಾರತವು ವರ್ಷಕ್ಕೆ ತಿನ್ನುವ ಎಣ್ಣೆಯು ಸುಮಾರು ಎರಡೂವರೆ ಕೋಟಿ ಟನ್ನು. ಅದರಲ್ಲಿ ಅರ್ಧಕ್ಕೂ ಹೆಚ್ಚು ಪರದೇಶದ್ದು. ನಾವೆಲ್ಲರೂ ಒಗ್ಗರಣೆಯನ್ನು ತೊರೆದು, ಹಬ್ಬದ ಕರಿದ ತಿಂಡಿಗಳನ್ನು ಬಿಟ್ಟು, ತಿನ್ನುವ ಎಣ್ಣೆಯನ್ನೆಲ್ಲ ಒಂದು ತೊಟ್ಟೂ ಉಳಿಸದೆ ಲಾರಿಗಳಿಗೆ ಹೊಯ್ದರೂ, ಅದು ನಮ್ಮ 9 ಕೋಟಿ ಟನ್ನು ಡೀಸೆಲಿನಲ್ಲಿ ಮೂರನೆಯ ಒಂದು ಭಾಗಕ್ಕೂ ಸಾಲದು. ಈ ಒಂದು ಲೆಕ್ಕವೇ ತಿನ್ನುವ ಎಣ್ಣೆಯನ್ನು ಉರಿಸುವ ಮಾತಿಗೆ ಸಮಾಪ್ತಿಯನ್ನು ಹೇಳುತ್ತದೆ.

ಇದನ್ನು ನಮ್ಮ ಯೋಜನಾಕಾರರು ಅರಿಯದೆ ಇರಲಿಲ್ಲ. ತಿನ್ನಲಾಗದ ಎಣ್ಣೆಯನ್ನು, ಬೆಳೆ ಬಾರದ ನೆಲದಲ್ಲಿ ಬೆಳೆಯೋಣ ಎಂದರು. ಯೋಜನಾ ಆಯೋಗದ ಸಮಿತಿಯು 2003ರಲ್ಲಿ ಕೊಟ್ಟ ವರದಿಯು ಕಾಡುಹರಳು ಅಥವಾ ಜಟ್ರೋಫ ಎಂಬ ಗಿಡವನ್ನು ಮುಂದಿಟ್ಟಿತು. ಮೊದಲು 4 ಲಕ್ಷ ಹೆಕ್ಟೇರುಗಳಲ್ಲಿ ಬೆಳೆದು ತೋರಿಸುವುದು. 2011-12ರ ಹೊತ್ತಿಗೆ ಡೀಸೆಲಿನ ಐದನೆಯ ಒಂದು ಭಾಗವನ್ನು ಅದರಿಂದಲೇ ಪಡೆಯುವುದು ಎಂಬ ಮಹದಾಶೆಯಿದ್ದಿತು. ಗಿಡವು ವಿಷವಾದದ್ದರಿಂದ ದನ ಮೇಯದು, ನೀರು ಬೇಡ, ಆರೈಕೆ ಬೇಡ ಎಂದು ಹೇಳಿದರು. ಹಲವು ರಾಜ್ಯಗಳಲ್ಲಿ ರೈತರು ನಂಬಿ ನೆಟ್ಟರು. ನೀರಿಲ್ಲದೆ ಗಿಡವು ಬದುಕಿತು, ಆದರೆ ಕಾಯಿ ಬಿಡಲಿಲ್ಲ. ಬದುಕುವುದೇ ಬೇರೆ, ಫಲಿಸುವುದೇ ಬೇರೆ ಎಂಬ ಸಾಮಾನ್ಯವಾದ ಒಕ್ಕಲುತನದ ಸತ್ಯವನ್ನು ಮರೆತದ್ದರ ಫಲವಿದು. 2006ರ ಜನವರಿಯಿಂದ ಎಣ್ಣೆಯ ಕಂಪನಿಗಳು ಜೈವಿಕ ಡೀಸೆಲನ್ನು ಲೀಟರಿಗೆ 25 ರೂಪಾಯಿಯಂತೆ ಕೊಳ್ಳಬೇಕೆಂದು ಗೊತ್ತಾಯಿತು. ತಯಾರಿಸುವ ಖರ್ಚೇ ಅದಕ್ಕಿಂತ ಹೆಚ್ಚಾಗಿದ್ದುದರಿಂದ ಮಾರಬಂದವರು ವಿರಳ. 2009ರ ನೀತಿಯು ಅದೇ ಗುರಿಯನ್ನು 2017ಕ್ಕೆ ಮುಂದೂಡಿತು. 2018ರ ನೀತಿಯು ಗುರಿಯನ್ನೇ ಇಳಿಸಿ, 2030ಕ್ಕೆ ನೂರರಲ್ಲಿ 5 ಪಾಲು ಸಾಕೆಂದಿತು. ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವ ಯೋಜನೆಯು 2025ರಲ್ಲಿ ನೂರಕ್ಕೆ 20ನ್ನು ಮುಟ್ಟಿದ್ದರೆ, ಡೀಸೆಲಿಗೆ ಬೆರೆಸುವುದು ಒಂದನ್ನೂ ಮುಟ್ಟದೆ ತೆವಳುತ್ತಿದೆ.

ಇಲ್ಲಿ 'ಬಂಜರು' ಎಂಬ ಮಾತನ್ನು ಕುರಿತು ಒಂದು ಮಾತು. ಕಚೇರಿಯ ದಾಖಲೆಯಲ್ಲಿ ಬಂಜರೆಂದು ಬರೆದ ನೆಲವು ಹಳ್ಳಿಯಲ್ಲಿ ಬಂಜರಾಗಿರುವುದು ಅಪರೂಪ. ಅದು ದನ ಮೇಯುವ ಗೋಮಾಳವಾಗಿರಬಹುದು; ನೆಲವಿಲ್ಲದ ಬಡವಳು ಸೌದೆ ಆಯುವ ಗುಡ್ಡವಾಗಿರಬಹುದು; ಕುರುಬನ ಮಂದೆಯು ಬೇಸಗೆಯನ್ನು ಕಳೆಯುವ ಕಾವಲಾಗಿರಬಹುದು. ಪಟ್ಟಣದ ವಾಹನಕ್ಕೆ ಹಸಿರು ಇಂಧನವನ್ನು ಒದಗಿಸುವುದಕ್ಕಾಗಿ ಅವರ ಹಕ್ಕನ್ನು ಬೇಲಿ ಹಾಕಿ ಕಳೆದರೆ, ಹೊಗೆಯಲ್ಲಿ ಕಡಮೆಯಾದ ಪಾಪವು ನ್ಯಾಯದಲ್ಲಿ ಹೆಚ್ಚುವುದು.

ನಮ್ಮ ನಾಡಿನ ಅನುಭವವು ಇದಕ್ಕಿಂತ ಸ್ವಲ್ಪ ಭಿನ್ನವಾದದ್ದು. ಏಕೆಂದರೆ ನಮಗೆ ಹೊಂಗೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು, ಹೊಂಗೆಯ ಎಣ್ಣೆಯನ್ನು ಸಾಧಾರಣ ಡೀಸೆಲ್ ಎಂಜಿನುಗಳಲ್ಲಿ ಉರಿಸಿ, ಹಳ್ಳಿಗಳಲ್ಲಿ ವಿದ್ಯುತ್ತನ್ನು ಪಡೆಯುವುದನ್ನೂ ನೀರನ್ನು ಎತ್ತುವುದನ್ನೂ ಮಾಡಿ ತೋರಿಸಿದರು. ಹಾಸನದ ಬಳಿ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಜೈವಿಕ ಇಂಧನದ ಉದ್ಯಾನವೊಂದನ್ನು ಬೆಳೆಸಿ, ಹೊಂಗೆ, ಬೇವು, ಹಿಪ್ಪೆ ಮೊದಲಾದ ಮರಗಳನ್ನು ಬದುಗಳಲ್ಲಿ ಬೆಳೆಯುವಂತೆ ರೈತರನ್ನು ಪ್ರೋತ್ಸಾಹಿಸಿತು. 2009ರಲ್ಲಿ ರಾಜ್ಯಕ್ಕೆ ಇದಕ್ಕಾಗಿಯೇ ಒಂದು ನೀತಿಯೂ ಆಯಿತು. ಹೊಂಗೆಯು ಹೊಲದ ಬೆಳೆಯನ್ನು ಹೊರದೂಡುವುದಿಲ್ಲ. ಬದುವಿನಲ್ಲಿ ನಿಂತು ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ನೆಲಕ್ಕೆ ಕೊಡುತ್ತದೆ. ಎಲೆಯು ಹಸಿರು ಗೊಬ್ಬರ, ಹೂವು ಜೇನಿಗೆ ಆಹಾರ, ನೆರಳು ದಾರಿಗನಿಗೆ ಸುಖ. ಎಣ್ಣೆಯು ಇವೆಲ್ಲದರ ಮೇಲಿನ ಬಡ್ಡಿ.

ಆದರೆ ಹೊಂಗೆಯ ಮೇಲಿನ ಪ್ರೀತಿಯಿಂದ ಲೆಕ್ಕವನ್ನು ಮರೆಯಬಾರದು. ಬಲಿತ ಮರವೊಂದು ವರ್ಷಕ್ಕೆ 20 ಕಿಲೋ ಬೀಜವನ್ನೂ, ಆ ಬೀಜವು 5 ಕಿಲೋ ಎಣ್ಣೆಯನ್ನೂ ಕೊಡುವುದೆಂದು ಹಿಡಿಯೋಣ. ನಮ್ಮ ಡೀಸೆಲಿನಲ್ಲಿ ನೂರಕ್ಕೆ 5 ಪಾಲೆಂದರೆ 45 ಲಕ್ಷ ಟನ್ನು. ಅದಕ್ಕೆ ಬೇಕಾದ ಮರಗಳು 90 ಕೋಟಿ! ಹೆಕ್ಟೇರಿಗೆ 200ರಂತೆ ತೋಟವಾಗಿ ನೆಟ್ಟರೆ 45 ಲಕ್ಷ ಹೆಕ್ಟೇರು. ಎಂದರೆ ಕರ್ನಾಟಕದ ಒಟ್ಟು ವಿಸ್ತೀರ್ಣದಲ್ಲಿ ಹತ್ತಿರಹತ್ತಿರ ಕಾಲುಭಾಗ. ಅದೂ ನೆಟ್ಟ ಐದಾರು ವರ್ಷಗಳ ಬಳಿಕ. ಕಾಯನ್ನು ಆಯುವ ಕೈಗಳಿಗೆ ತಕ್ಕ ಕೂಲಿಯನ್ನು ಕೊಟ್ಟರೆ ಎಣ್ಣೆಯು ದುಬಾರಿಯಾಗುತ್ತದೆ. ಕೊಡದಿದ್ದರೆ ಕಾಯಿ ಮರದಡಿಯಲ್ಲಿಯೇ ಉಳಿಯುತ್ತದೆ. ಹೊಂಗೆಯು ಹಳ್ಳಿಯ ಪಂಪಿಗೂ ಟ್ರ್ಯಾಕ್ಟರಿಗೂ ಒದಗಬಹುದು. ದೇಶದ ಹೆದ್ದಾರಿಗಳ ಭಾರವನ್ನು ಅದರ ಹೆಗಲಿಗೆ ಹೊರಿಸುವುದು ಅನ್ಯಾಯ.

ಉಳಿದದ್ದು ಕರಿದು ಉಳಿದ ಎಣ್ಣೆ. ಇದರಲ್ಲಿ ನೆಲದ ತಕರಾರಿಲ್ಲ, ಅನ್ನದ ತಕರಾರೂ ಇಲ್ಲ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಆರೋಗ್ಯಕ್ಕೆ ಕೇಡಾದ ಪದಾರ್ಥಗಳು ಹುಟ್ಟುವುವು. ಅಂಥವು ನೂರಕ್ಕೆ 25ನ್ನು ಮೀರಿದ ಎಣ್ಣೆಯನ್ನು ಅಡಿಗೆಗೆ ಬಳಸಕೂಡದೆಂದು 2018ರ ಜುಲೈಯಿಂದ ನಮ್ಮಲ್ಲಿ ಕಾಯಿದೆಯುಂಟು. ದೊಡ್ಡ ಹೋಟೆಲುಗಳು ಹಾಗೆ ಬಿಟ್ಟ ಎಣ್ಣೆಯು ಎಷ್ಟೋ ವೇಳೆ ಚಿಕ್ಕ ಅಂಗಡಿಗಳ ಬಾಣಲೆಗೆ ಹೋಗುತ್ತಿದ್ದಿತು, ಇಲ್ಲವೇ ಚರಂಡಿಗೆ. ಅದನ್ನು ಕೊಂಡು ಇಂಧನವನ್ನಾಗಿ ಮಾಡಿದರೆ ಬಡವನ ಹೃದಯವೂ ಊರಿನ ಚರಂಡಿಯೂ ಎರಡೂ ಉಳಿಯುವುವು. ಆಹಾರ ಸುರಕ್ಷತೆಯ ಅಧಿಕಾರಿಗಳು ವರ್ಷಕ್ಕೆ 220 ಕೋಟಿ ಲೀಟರುಗಳಷ್ಟು ಇದನ್ನು ಕೂಡಿಸಬಹುದೆಂದು ಆಶಿಸಿದ್ದರು. ಆ ಆಸೆಯು ಪೂರ್ಣವಾಗಿ ಫಲಿಸಿದರೂ ಅದು ನಮ್ಮ ಡೀಸೆಲಿನಲ್ಲಿ ನೂರಕ್ಕೆ ಸುಮಾರು 2 ಪಾಲು. ಹಳೆಯ ಎಣ್ಣೆಗೆ ಬೆಲೆ ಏರಿದರೆ ಹೊಸ ಎಣ್ಣೆಯನ್ನೇ ಹಳೆಯದೆಂದು ಮಾರುವ ಜಾಣರು ಹುಟ್ಟಬಹುದೆಂಬ ಎಚ್ಚರಿಕೆಯೂ ಬೇಕು. ಯೂರೋಪಿನಲ್ಲಿ ಇಂಥ ಶಂಕೆಯು ಆಗಲೇ ಎದ್ದಿದೆ.

ಹೀಗೆ ತೂಗಿನೋಡಿದ ಮೇಲೆ ನಮಗೆ ತೋರುವುದು ಇಷ್ಟು. ಜೈವಿಕ ಡೀಸೆಲು ಒಳ್ಳೆಯ ಇಂಧನ; ಆದರೆ ಅದು ಕಲ್ಲೆಣ್ಣೆಯ ಸಿಂಹಾಸನವನ್ನು ಏರುವ ಚಕ್ರವರ್ತಿಯಲ್ಲ. ಕರಿದ ಎಣ್ಣೆಯಿಂದ ಮಾಡಿದ್ದನ್ನು ಎರಡು ಕೈಯಿಂದಲೂ ಸ್ವೀಕರಿಸೋಣ. ಬದುವಿನ ಹೊಂಗೆಯ ಎಣ್ಣೆಯನ್ನು ಅದು ಹುಟ್ಟಿದ ಊರಿನಲ್ಲಿಯೇ, ಅಲ್ಲಿಯ ನೀರೆತ್ತುವುದಕ್ಕೂ ನೆಲ ಉಳುವುದಕ್ಕೂ ಮೊದಲು ಬಳಸೋಣ. ಮನುಷ್ಯನು ಉಣ್ಣುವ ಎಣ್ಣೆಯನ್ನೂ, ಕಾಡನ್ನು ಕಡಿದು ಪಡೆದ ಎಣ್ಣೆಯನ್ನೂ ಗಾಡಿಗೆ ಹೊಯ್ಯದಿರೋಣ. ಮಿಕ್ಕ ಭಾರವನ್ನು ರೈಲು, ವಿದ್ಯುತ್ತಿನ ಬಸ್ಸು ಮೊದಲಾದುವು ಹೊರಲಿ.

ಇದೆಲ್ಲಕ್ಕಿಂತಲೂ ಮುಂಚೆ ಮಾಡಬೇಕಾದ ಕೆಲಸವೊಂದುಂಟು. ಯಾವ ಇಂಧನವನ್ನು ಉರಿಸೋಣ ಎಂದು ಕೇಳುವಷ್ಟೇ ಉತ್ಸಾಹದಿಂದ, ಎಷ್ಟನ್ನು ಉರಿಸೋಣ ಎಂದೂ ನಾವು ಕೇಳಿಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಮ್ಮ ಹಿರಿಯರು ಹಣದ ವಿಷಯಕ್ಕೆ ಹೇಳಿದರು. ಇಂದು ಅದು ಎಣ್ಣೆಗೂ ಸಲ್ಲುತ್ತದೆ. ಹೊಂಗೆಯ ದೀಪದ ಕಾಲದಲ್ಲಿ ಮನೆಯ ಮುದುಕಿಯು ಓದುವವರು ಎದ್ದುಹೋದ ಕೂಡಲೇ ಬತ್ತಿಯನ್ನು ತಗ್ಗಿಸುತ್ತಿದ್ದಳು. ಅವಳದು ಜಿಪುಣತನವಲ್ಲ. ಆ ಎಣ್ಣೆಯ ಹಿಂದೆ ಒಂದು ಮರ, ಒಂದು ಗಾಣ, ಕಾಯಿ ಆಯ್ದ ಎರಡು ಕೈಗಳು ಇದ್ದುವೆಂಬುದನ್ನು ಅವಳು ಬಲ್ಲವಳಾಗಿದ್ದಳು.